ಗುಂಡಿಯನ್ನು ಅಲ್ಲಿ ಇಟ್ಟವರು ಯಾರು?

ಸಾಮಾಜಿಕ ಜಾಲತಾಣಗಳ ಪರದೆಯ ವಿನ್ಯಾಸ, ಮಕ್ಕಳ ಹಿತ ಮತ್ತು ಕನ್ನಡದ ಹಕ್ಕು

ಮನೆ ಕಟ್ಟಿಸುವವರು ಬಾಗಿಲು, ಕಿಟಕಿ, ಮೆಟ್ಟಿಲುಗಳ ಜಾಗವನ್ನು ಮೊದಲೇ ಗೊತ್ತುಮಾಡಿಕೊಳ್ಳುತ್ತಾರೆ. ಆಮೇಲೆ ಅಲ್ಲಿ ವಾಸಿಸುವವರು ಎತ್ತ ನಡೆಯುತ್ತಾರೆ, ಎಲ್ಲಿ ಕುಳಿತು ಮಾತನಾಡುತ್ತಾರೆ, ಯಾರ ಕಣ್ಣಿಗೆ ಯಾರು ಬೀಳುತ್ತಾರೆ ಎಂಬುದನ್ನು ಬಹುಮಟ್ಟಿಗೆ ಆ ನಕ್ಷೆಯೇ ತೀರ್ಮಾನಿಸುತ್ತದೆ. ವಾಸಿಸುವವರಿಗೆ ಇದು ಸಾಮಾನ್ಯವಾಗಿ ಅರಿವಿಗೆ ಬರುವುದಿಲ್ಲ. ಬಾಗಿಲು ಇರುವಲ್ಲಿಯೇ ಇರುವುದು ಸಹಜವೆಂದು ಅವರು ಭಾವಿಸಿರುತ್ತಾರೆ. ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್, ಯೂಟ್ಯೂಬ್ ಮೊದಲಾದ ಸಾಮಾಜಿಕ ಜಾಲತಾಣಗಳ ಪರದೆಯೂ ಇಂಥದೇ ಒಂದು ಕಟ್ಟಡ. ಅಲ್ಲಿ ಯಾವ ಗುಂಡಿ ಹೆಬ್ಬೆರಳಿನ ಸಮೀಪದಲ್ಲಿರಬೇಕು, ಯಾವುದು ನಾಲ್ಕು ಪುಟಗಳ ಹಿಂದೆ ಅಡಗಿರಬೇಕು, ಯಾವುದಕ್ಕೆ ಕೆಂಪು ಚುಕ್ಕೆ ಬೇಕು, ಯಾವುದಕ್ಕೆ ಮಂಕು ಬೂದು ಬಣ್ಣ ಸಾಕು ಎಂಬುದನ್ನೆಲ್ಲ ಯಾರೋ ಒಬ್ಬರು ಕುಳಿತು ಯೋಚಿಸಿ, ಲೆಕ್ಕಹಾಕಿ, ಪರೀಕ್ಷಿಸಿ ನಿರ್ಧರಿಸಿರುತ್ತಾರೆ.

ಪರದೆಯ ಮೇಲೆ ಕಾಣುವ ಗುಂಡಿ, ಚಿತ್ರ, ಬಣ್ಣ, ಅಕ್ಷರದ ಗಾತ್ರ, ಕೇಳಿಬರುವ ಸದ್ದು, ಬೆರಳು ಸರಿಸಿದಾಗ ನಡೆಯುವ ಚಲನೆ ಇವೆಲ್ಲವನ್ನೂ ಒಟ್ಟಾಗಿ ತಂತ್ರಜ್ಞರು ಯೂಸರ್ ಇಂಟರ್‌ಫೇಸ್ ಎಂದು ಕರೆಯುತ್ತಾರೆ. ಯಂತ್ರಕ್ಕೂ ಮನುಷ್ಯನಿಗೂ ನಡುವಿನ ಹೊಸ್ತಿಲು ಅದು. ಅಮೆರಿಕದ ಕಾನೂನು ಪ್ರಾಧ್ಯಾಪಕ ಲಾರೆನ್ಸ್ ಲೆಸ್ಸಿಗ್ ಅವರು 1999ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ ಮನುಷ್ಯನ ನಡತೆಯನ್ನು ನಿಯಂತ್ರಿಸುವ ಶಕ್ತಿಗಳು ನಾಲ್ಕು ಎಂದು ಗುರುತಿಸಿದರು: ಕಾನೂನು, ಸಮಾಜದ ರೂಢಿ, ಮಾರುಕಟ್ಟೆ ಮತ್ತು ವಾಸ್ತುರಚನೆ. ಅಂತರಜಾಲದಲ್ಲಿ ತಂತ್ರಾಂಶದ ರಚನೆಯೇ ಕಾನೂನಿನ ಕೆಲಸ ಮಾಡುತ್ತದೆ ಎಂಬುದು ಅವರ ವಾದದ ಸಾರ. ಶಾಸನಸಭೆಯಲ್ಲಿ ಮಸೂದೆ ಮಂಡನೆಯಾದರೆ ಚರ್ಚೆಯಾಗುತ್ತದೆ, ರಾಜಪತ್ರದಲ್ಲಿ ಪ್ರಕಟವಾಗುತ್ತದೆ, ನ್ಯಾಯಾಲಯದಲ್ಲಿ ಪ್ರಶ್ನಿಸಲು ಅವಕಾಶವಿರುತ್ತದೆ. ಪರದೆಯ ಮೇಲಿನ ಗುಂಡಿಯೊಂದು ಸ್ಥಳ ಬದಲಿಸಿದರೆ ಇವುಗಳಲ್ಲಿ ಯಾವುದೂ ಇಲ್ಲದೆ ಕೋಟ್ಯಂತರ ಜನರ ನಡತೆ ಒಂದೇ ರಾತ್ರಿಯಲ್ಲಿ ಬದಲಾಗಬಹುದು.

ಗಡಿಯಾಚೆಯ ಕನ್ನಡ ಮಾಧ್ಯಮ ಶಾಲೆಗಳ ಮನೆಗಳಿಗೆ ಈ ವಿಷಯ ದೂರದ್ದಲ್ಲ. ಕೋವಿಡ್ ಕಾಲದಲ್ಲಿ ಪಾಠದ ನೆಪದಿಂದ ಮಕ್ಕಳ ಕೈಗೆ ಬಂದ ಫೋನ್ ಶಾಲೆ ತೆರೆದ ಬಳಿಕವೂ ಹಿಂದಿರುಗಲಿಲ್ಲ. ಮನೆಗೆಲಸದ ಪಟ್ಟಿ, ಪರೀಕ್ಷಾ ವೇಳಾಪಟ್ಟಿ, ಶಾಲಾ ವಾರ್ಷಿಕೋತ್ಸವದ ಚಿತ್ರ ಎಲ್ಲವೂ ಇಂದು ತರಗತಿಯ ಗುಂಪಿನಲ್ಲಿಯೇ ಬರುತ್ತವೆ. ಹೀಗಿರುವಾಗ ಆ ಪರದೆಯನ್ನು ಹೇಗೆ ಮತ್ತು ಏಕೆ ಹಾಗೆ ರಚಿಸಲಾಗಿದೆ ಎಂಬುದು ತಾಯ್ತಂದೆಯರಿಗೂ ಅಧ್ಯಾಪಕರಿಗೂ ತಿಳಿದಿರಬೇಕಾದ ಸಂಗತಿ.

ಸಣ್ಣ ಗುಂಡಿ, ದೊಡ್ಡ ಪರಿಣಾಮ

2004ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗಾಗಿ ಆರಂಭವಾದ ಫೇಸ್‌ಬುಕ್ಕಿನಲ್ಲಿ ಮೊದಲು ಸ್ನೇಹಿತರ ಸುದ್ದಿ ತಿಳಿಯಬೇಕಾದರೆ ಒಬ್ಬೊಬ್ಬರ ಪುಟಕ್ಕೂ ಹೋಗಿ ನೋಡಬೇಕಾಗಿತ್ತು. 2006ರ ಸೆಪ್ಟೆಂಬರಿನಲ್ಲಿ ನ್ಯೂಸ್ ಫೀಡ್ ಎಂಬ ವ್ಯವಸ್ಥೆ ಬಂತು. ಎಲ್ಲರ ಚಟುವಟಿಕೆಯೂ ಒಂದೇ ಸಾಲಿನಲ್ಲಿ ಎಲ್ಲರ ಮುಂದೆ ಹರಿಯತೊಡಗಿತು. ಅಲ್ಲಿಯವರೆಗೆ ಗುಟ್ಟಾಗಿದ್ದ ಯಾವ ಮಾಹಿತಿಯೂ ಆ ದಿನ ಹೊಸದಾಗಿ ಬಹಿರಂಗವಾಗಲಿಲ್ಲ. ಆದರೂ ಬಳಕೆದಾರರು ಸಾವಿರಾರು ಸಂಖ್ಯೆಯಲ್ಲಿ ಪ್ರತಿಭಟಿಸಿದರು. ಊರ ಬಾವಿಕಟ್ಟೆಯಲ್ಲಿ ಕೇಳುವವರಿಗೆ ಮಾತ್ರ ಹೇಳಿದ ಮಾತನ್ನು ಡಂಗುರ ಸಾರಿದಂತೆ ಅವರಿಗೆ ಅನಿಸಿತ್ತು. ಮಾಹಿತಿ ಒಂದೇ ಆದರೂ ಅದನ್ನು ಕಾಣಿಸುವ ರೀತಿ ಬದಲಾದರೆ ಅದರ ಅರ್ಥವೇ ಬದಲಾಗುತ್ತದೆ ಎಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಅದೇ 2006ರಲ್ಲಿ ಏಝಾ ರಾಸ್ಕಿನ್ ಎಂಬ ವಿನ್ಯಾಸಕಾರರು ಕೊನೆಯೇ ಇಲ್ಲದೆ ಕೆಳಗೆ ಸಾಗುವ ಪುಟದ ಪರಿಕಲ್ಪನೆಯನ್ನು ರೂಪಿಸಿದರು. ಅದಕ್ಕೆ ಮೊದಲು ಪುಟದ ತಳದಲ್ಲಿ ‘ಮುಂದಿನ ಪುಟ’ ಎಂಬ ಸೂಚನೆ ಇರುತ್ತಿತ್ತು. ಓದುಗ ಅಲ್ಲಿ ಒಂದು ಕ್ಷಣ ನಿಲ್ಲುತ್ತಿದ್ದ; ಸಾಕೆ, ಇನ್ನೂ ಬೇಕೆ ಎಂದು ಯೋಚಿಸಲು ಅವಕಾಶ ದೊರೆಯುತ್ತಿತ್ತು. ಬಾಳೆಲೆಯ ಊಟದಲ್ಲಿ ಬಡಿಸುವವರು ಕೇಳಿ ಬಡಿಸುವುದಕ್ಕೂ ಎಲೆ ಖಾಲಿಯಾಗುವ ಮುನ್ನವೇ ಕೇಳದೆ ಸುರಿಯುವುದಕ್ಕೂ ಇರುವ ವ್ಯತ್ಯಾಸ ಇದು. ಓದುವವರಿಗೆ ಶ್ರಮ ತಪ್ಪಿಸುವ ಸದುದ್ದೇಶದಿಂದ ಹುಟ್ಟಿದ ಈ ಉಪಾಯ ಕೋಟ್ಯಂತರ ಗಂಟೆಗಳನ್ನು ನುಂಗಿತೆಂದು ಮುಂದೆ ರಾಸ್ಕಿನ್ ಅವರೇ ಬಹಿರಂಗವಾಗಿ ವಿಷಾದಿಸಿದ್ದಾರೆ.

2009ರ ಫೆಬ್ರವರಿಯಲ್ಲಿ ಫೇಸ್‌ಬುಕ್ಕಿಗೆ ಮೆಚ್ಚುಗೆಯ ಗುಂಡಿ ಬಂತು. ‘ಅಭಿನಂದನೆ’, ‘ಚೆನ್ನಾಗಿದೆ’ ಎಂದು ಎಲ್ಲರೂ ಬರೆಯುವುದರ ಬದಲು ಒಂದೇ ಸ್ಪರ್ಶದಲ್ಲಿ ಸಂತೋಷ ಸೂಚಿಸಲಿ ಎಂಬುದು ಅದರ ಹಿಂದಿದ್ದ ಆಶಯ. ಆದರೆ ಗುಂಡಿಯ ಪಕ್ಕದಲ್ಲಿ ಸಂಖ್ಯೆ ಕಾಣಿಸತೊಡಗಿದೊಡನೆ ಮೆಚ್ಚುಗೆ ಅಂಕವಾಯಿತು, ಅಂಕ ಹೋಲಿಕೆಯಾಯಿತು. ತರಗತಿಯ ಅಂಕಪಟ್ಟಿಯಾದರೂ ವರ್ಷಕ್ಕೆ ಮೂರು ಬಾರಿ ಬರುತ್ತದೆ. ಈ ಅಂಕಪಟ್ಟಿ ಗಂಟೆಗೊಮ್ಮೆ ಬದಲಾಗುತ್ತದೆ. ಹದಿಹರೆಯದವರ ಮನಸ್ಸಿನ ಮೇಲೆ ಇದರ ಒತ್ತಡವನ್ನು ಕಂಪನಿಗಳೂ ಗಮನಿಸದೆ ಇರಲಿಲ್ಲ. ಇನ್‌ಸ್ಟಾಗ್ರಾಂ 2019ರಲ್ಲಿ ಕೆನಡಾ, ಆಸ್ಟ್ರೇಲಿಯಾ, ಜಪಾನ್ ಮೊದಲಾದ ದೇಶಗಳಲ್ಲಿ ಮೆಚ್ಚುಗೆಯ ಸಂಖ್ಯೆಯನ್ನು ಮರೆಮಾಡಿ ಪ್ರಯೋಗ ನಡೆಸಿತು. 2021ರ ಮೇ ತಿಂಗಳಲ್ಲಿ ಬೇಕಾದವರು ಆ ಸಂಖ್ಯೆಯನ್ನು ಮರೆಮಾಡಿಕೊಳ್ಳುವ ಆಯ್ಕೆಯನ್ನು ಎಲ್ಲರಿಗೂ ಒದಗಿಸಿತು. ಆದರೆ ತಾನಾಗಿ ಇರುವ ಸ್ಥಿತಿಯಲ್ಲಿ ಸಂಖ್ಯೆ ಕಾಣಿಸುತ್ತದೆ. ಮರೆಮಾಡಬೇಕೆಂದರೆ ಸೆಟ್ಟಿಂಗ್ಸ್ ಹುಡುಕಿ ಹೋಗಬೇಕು. ಹಾಗೆ ಹುಡುಕಿ ಬದಲಿಸುವವರು ಯಾವ ತಾಣದಲ್ಲಿಯೂ ಅಲ್ಪಸಂಖ್ಯಾತರೇ. ಆದ್ದರಿಂದಲೇ ವಿನ್ಯಾಸಕಾರರ ಕೈಯಲ್ಲಿರುವ ಅತ್ಯಂತ ಬಲವಾದ ಅಧಿಕಾರವೆಂದರೆ ಪೂರ್ವನಿಗದಿಯನ್ನು ಗೊತ್ತುಮಾಡುವ ಅಧಿಕಾರ.

ಸೂಚನೆಯ ಕೆಂಪು ಚುಕ್ಕೆಯ ಹಿಂದೆಯೂ ಮನಶ್ಶಾಸ್ತ್ರದ ಹಳೆಯ ಪಾಠವೊಂದಿದೆ. ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲೆ ಪ್ರಯೋಗ ನಡೆಸಿ, ಗುಂಡಿ ಕುಕ್ಕಿದಾಗಲೆಲ್ಲ ಕಾಳು ದೊರೆಯುವುದಕ್ಕಿಂತ ಯಾವಾಗ ದೊರೆಯುತ್ತದೆಂದು ತಿಳಿಯದ ಸ್ಥಿತಿಯಲ್ಲಿ ಹಕ್ಕಿ ಹೆಚ್ಚು ಪಟ್ಟುಹಿಡಿದು ಕುಕ್ಕುತ್ತದೆ ಎಂದು ತೋರಿಸಿದ್ದರು. ಪರದೆಯನ್ನು ಕೆಳಗೆಳೆದು ಬಿಟ್ಟಾಗ ಹೊಸದೇನಾದರೂ ಬರಬಹುದು, ಬರದೆಯೂ ಇರಬಹುದು. ಆ ಅನಿಶ್ಚಯವೇ ಬೆರಳನ್ನು ಮತ್ತೆ ಮತ್ತೆ ಅಲ್ಲಿಗೆ ಎಳೆಯುತ್ತದೆ. ಮಗು ಹಟಮಾರಿ ಎಂದು ಗದರುವ ಮುನ್ನ ಹಿರಿಯರು ಇದನ್ನು ನೆನೆಯಬೇಕು. ಹಲವು ವರ್ಷಗಳ ಅಧ್ಯಯನದಿಂದ ಹದಗೊಂಡ ಒಂದು ಯಂತ್ರದೆದುರು ಹನ್ನೆರಡು ವರ್ಷದ ಮನಸ್ಸು ಒಂಟಿಯಾಗಿ ಕುಳಿತಿರುತ್ತದೆ.

ಐದು ಜನರ ಮಿತಿ

ಪರದೆಯ ರಚನೆಗೂ ಪ್ರಾಣಕ್ಕೂ ಸಂಬಂಧವಿದೆ ಎಂಬುದು 2018ರಲ್ಲಿ ಭಾರತಕ್ಕೆ ಕ್ರೂರವಾಗಿ ಮನವರಿಕೆಯಾಯಿತು. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುಳ್ಳು ಸುದ್ದಿ, ವಿಡಿಯೊಗಳು ವಾಟ್ಸ್‌ಆ್ಯಪ್ ಮೂಲಕ ಹಳ್ಳಿಯಿಂದ ಹಳ್ಳಿಗೆ ಹರಡಿದವು. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾ ಗ್ರಾಮದಲ್ಲಿ ಅಲೆಮಾರಿ ಸಮುದಾಯದ ಐವರನ್ನು ಗುಂಪು ಹೊಡೆದು ಕೊಂದಿತು. ಮೃತರಲ್ಲಿ ಸೋಲಾಪುರ ಜಿಲ್ಲೆಯ ಮಂಗಳವೇಢೆ ತಾಲೂಕಿನವರೂ ಇದ್ದರು. ಎರಡು ವಾರ ಕಳೆಯುವುದರೊಳಗೆ ಜುಲೈ 13ರಂದು ಬೀದರ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದೇ ನೆಪವಾಗಿ ಹೈದರಾಬಾದಿನ ತರುಣನೊಬ್ಬ ಪ್ರಾಣ ಕಳೆದುಕೊಂಡ. ಜುಲೈ 17ರಂದು ಸರ್ವೋಚ್ಚ ನ್ಯಾಯಾಲಯ ತೆಹಸೀನ್ ಪೂನಾವಾಲಾ ಪ್ರಕರಣದಲ್ಲಿ ಗುಂಪುಹತ್ಯೆ ತಡೆಗಾಗಿ ಸರಕಾರಗಳಿಗೆ ವಿವರವಾದ ನಿರ್ದೇಶನಗಳನ್ನು ನೀಡಿತು.

ಅದೇ ತಿಂಗಳು ವಾಟ್ಸ್‌ಆ್ಯಪ್ ತನ್ನ ಪರದೆಯಲ್ಲಿ ಕೆಲವು ಬದಲಾವಣೆಗಳನ್ನು ಮಾಡಿತು. ಬೇರೊಬ್ಬರಿಂದ ಬಂದುದನ್ನು ಮುಂದಕ್ಕೆ ಕಳುಹಿಸಿದರೆ ಅದರ ಮೇಲೆ ‘ಫಾರ್ವರ್ಡೆಡ್’ ಎಂಬ ಗುರುತು ಕಾಣುವಂತಾಯಿತು. ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆಗೆ ಕಳುಹಿಸಲಾಗದಂತೆ ಮಿತಿ ಹಾಕಲಾಯಿತು. ಚಿತ್ರ, ವಿಡಿಯೊಗಳ ಪಕ್ಕದಲ್ಲಿದ್ದ ಶೀಘ್ರ ರವಾನೆಯ ಗುಂಡಿಯನ್ನು ತೆಗೆದುಹಾಕಲಾಯಿತು. 2019ರ ಜನವರಿಯಲ್ಲಿ ಐದರ ಮಿತಿ ಜಗತ್ತಿಗೆಲ್ಲ ವಿಸ್ತರಿಸಿತು. 2020ರ ಏಪ್ರಿಲಿನಲ್ಲಿ, ಈಗಾಗಲೇ ಹಲವು ಕೈ ದಾಟಿ ಬಂದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳುಹಿಸಬಹುದೆಂಬ ನಿಯಮ ಬಂತು; ಅಂಥ ಸಂದೇಶಗಳ ಹರಿವು ಇದರಿಂದ ಶೇಕಡ 70ರಷ್ಟು ಕುಸಿಯಿತೆಂದು ಕಂಪನಿಯೇ ತಿಳಿಸಿತು.

ಇಲ್ಲಿ ಗಮನಿಸಬೇಕಾದದ್ದೊಂದಿದೆ. ಯಾರ ಸಂದೇಶವನ್ನೂ ಯಾರೂ ಓದಲಿಲ್ಲ, ಯಾರ ಬಾಯನ್ನೂ ಮುಚ್ಚಿಸಲಿಲ್ಲ. ಕಳುಹಿಸಲೇಬೇಕೆಂದವರು ಐದೈದು ಬಾರಿ ಒತ್ತಿ ಕಳುಹಿಸಬಹುದಿತ್ತು. ದಾರಿಯಲ್ಲಿ ಒಂದು ಸಣ್ಣ ಉಬ್ಬು ಹಾಕಿದಂತೆ ಕೆಲವು ಕ್ಷಣಗಳ ತಡೆಯನ್ನಷ್ಟೇ ಇಟ್ಟದ್ದು. ಶಾಲೆಯ ಮುಂದಿನ ರಸ್ತೆಯಲ್ಲಿ ಫಲಕ ಹಾಕಿದರೂ ವೇಗ ತಗ್ಗಿಸದ ವಾಹನ ಉಬ್ಬು ಬಂದೊಡನೆ ತಾನಾಗಿ ನಿಧಾನವಾಗುತ್ತದೆ. ಹಾಗಾದರೆ ಇದೇ ಉಬ್ಬನ್ನು ಮೊದಲೇ ಹಾಕಬಹುದಾಗಿತ್ತಲ್ಲವೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ವೇಗವಾಗಿ ಹರಡುವುದೇ ಬೆಳವಣಿಗೆಯ ಅಳತೆಗೋಲಾಗಿರುವ ವ್ಯವಹಾರದಲ್ಲಿ ತಡೆಯನ್ನು ತಾನಾಗಿ ಇಡಲು ಯಾರೂ ಮುಂದಾಗುವುದಿಲ್ಲ ಎಂಬುದೇ ಅದಕ್ಕೆ ಉತ್ತರ.

ನ್ಯಾಯಾಲಯದ ಮುಂದೆ ವಿನ್ಯಾಸ

ಜಾಲತಾಣದಲ್ಲಿ ಯಾರೋ ಬರೆದದ್ದಕ್ಕೆ ತಾಣದ ಒಡೆಯರು ಹೊಣೆಯಲ್ಲ ಎಂಬ ರಕ್ಷಣೆಯನ್ನು ಅಮೆರಿಕದ ಕಾನೂನು 1996ರಿಂದಲೂ ನೀಡಿದೆ. ಆದರೆ ತಾಣದ ರಚನೆಯೇ ಅಪಾಯಕಾರಿಯಾಗಿದ್ದರೆ? ಈ ಪ್ರಶ್ನೆಗೆ ಉತ್ತರ ಬಂದದ್ದು ಲೆಮನ್ ವಿರುದ್ಧ ಸ್ನ್ಯಾಪ್ ಎಂಬ ಮೊಕದ್ದಮೆಯಲ್ಲಿ. 2017ರ ಮೇ ತಿಂಗಳಲ್ಲಿ ವಿಸ್ಕಾನ್ಸಿನ್ ರಾಜ್ಯದಲ್ಲಿ ಮೂವರು ಎಳೆಯರು ಕಾರಿನಲ್ಲಿ ಹೋಗುತ್ತಿದ್ದರು. ಅವರಲ್ಲೊಬ್ಬ ಸ್ನ್ಯಾಪ್‌ಚಾಟ್ ತೆರೆದು ವಾಹನದ ವೇಗವನ್ನು ಚಿತ್ರದ ಮೇಲೆಯೇ ನಮೂದಿಸುವ ಸೌಲಭ್ಯವನ್ನು ಬಳಸಿದ. ಗಂಟೆಗೆ 100 ಮೈಲಿ ದಾಟಿದರೆ ಆ್ಯಪ್ ಏನೋ ಬಹುಮಾನ ಕೊಡುತ್ತದೆಂಬ ನಂಬಿಕೆ ಆ ವಯಸ್ಸಿನವರಲ್ಲಿ ಹರಡಿತ್ತು. ಕಾರು 123 ಮೈಲಿ ವೇಗವನ್ನು ಮುಟ್ಟಿತು. ಅಂದರೆ ಸುಮಾರು 198 ಕಿಲೋಮೀಟರು. ಬಳಿಕ ರಸ್ತೆ ಬಿಟ್ಟು ಮರಕ್ಕೆ ಬಡಿಯಿತು. ಮೂವರೂ ಉಳಿಯಲಿಲ್ಲ.

ಹೆತ್ತವರು ಹೂಡಿದ ದಾವೆಯನ್ನು ಕೆಳಗಿನ ನ್ಯಾಯಾಲಯ ತಳ್ಳಿಹಾಕಿತು. ಆದರೆ 2021ರ ಮೇ 4ರಂದು ಒಂಬತ್ತನೆಯ ವಲಯದ ಮೇಲ್ಮನವಿ ನ್ಯಾಯಾಲಯ ಆ ಆದೇಶವನ್ನು ರದ್ದುಪಡಿಸಿತು. ಹೆತ್ತವರ ದೂರು ಯಾರದೋ ಬರಹದ ಕುರಿತಾದುದಲ್ಲ. ವೇಗವನ್ನು ಪ್ರೋತ್ಸಾಹಿಸುವಂತೆ ಉತ್ಪನ್ನವನ್ನು ರಚಿಸಿದ ಅಜಾಗರೂಕತೆಯ ಕುರಿತಾದುದು. ಆದ್ದರಿಂದ 1996ರ ರಕ್ಷಣೆ ಇಲ್ಲಿ ಅನ್ವಯಿಸದು ಎಂಬುದು ನ್ಯಾಯಾಲಯದ ತರ್ಕ. ಮುಂದಿನ ತಿಂಗಳೇ ಸ್ನ್ಯಾಪ್ ಆ ಸೌಲಭ್ಯವನ್ನು ಕೈಬಿಟ್ಟಿತು. ಬ್ರೇಕು ಸರಿಯಿಲ್ಲದ ಕಾರನ್ನು ಮಾರಿದವರು ಹೇಗೆ ಹೊಣೆಯೋ ಹಾಗೆಯೇ ಪರದೆಯನ್ನು ರಚಿಸಿದವರೂ ಹೊಣೆಯಾಗಬಹುದೆಂಬ ತತ್ತ್ವ ಅಲ್ಲಿಂದ ಬಲಗೊಂಡಿತು. 2023ರ ಅಕ್ಟೋಬರಿನಲ್ಲಿ ಅಮೆರಿಕದ 40ಕ್ಕೂ ಹೆಚ್ಚು ರಾಜ್ಯಗಳು ಇನ್‌ಸ್ಟಾಗ್ರಾಂ, ಫೇಸ್‌ಬುಕ್ಕುಗಳ ಒಡೆತನದ ಮೆಟಾ ಸಂಸ್ಥೆಯ ವಿರುದ್ಧ, ಮಕ್ಕಳನ್ನು ಹಿಡಿದಿಡುವಂತೆ ತಾಣವನ್ನು ರೂಪಿಸಲಾಗಿದೆ ಎಂಬ ಆರೋಪದ ಮೇಲೆ ದಾವೆ ಹೂಡಿದವು.

ಬ್ರಿಟನ್ನಿನಲ್ಲಿ ಇದೇ ಚಿಂತನೆ ಬೇರೊಂದು ದಾರಿ ಹಿಡಿಯಿತು. ಅಲ್ಲಿಯ ಮಾಹಿತಿ ಆಯುಕ್ತರ ಕಚೇರಿ ಮಕ್ಕಳಿಗೆ ತಕ್ಕ ವಿನ್ಯಾಸದ ಸಂಹಿತೆಯೊಂದನ್ನು 15 ಮಾನದಂಡಗಳೊಂದಿಗೆ ರೂಪಿಸಿತು. 2020ರ ಸೆಪ್ಟೆಂಬರ್ 2ರಂದು ಜಾರಿಗೆ ಬಂದ ಅದಕ್ಕೆ ಹೊಂದಿಕೊಳ್ಳಲು ಕಂಪನಿಗಳಿಗೆ ಒಂದು ವರ್ಷ ಕೊಡಲಾಯಿತು. ಮಗುವಿನ ಹಿತವೇ ಮೊದಲ ಪರಿಗಣನೆಯಾಗಬೇಕು, ಗೋಪ್ಯತೆಯ ಉನ್ನತ ಮಟ್ಟವೇ ಪೂರ್ವನಿಗದಿಯಾಗಿರಬೇಕು, ಮಗು ಇರುವ ಸ್ಥಳವನ್ನು ತಾನಾಗಿ ತೋರಿಸಬಾರದು, ಹೆಚ್ಚು ಮಾಹಿತಿ ಕೊಡುವಂತೆ ಪುಸಲಾಯಿಸುವ ತಂತ್ರಗಳನ್ನು ಬಳಸಬಾರದು ಎಂಬವು ಅದರ ಮುಖ್ಯ ಅಂಶಗಳು. ಗಡುವು ಹತ್ತಿರವಾಗುತ್ತಿದ್ದಂತೆ, 2021ರ ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಇನ್‌ಸ್ಟಾಗ್ರಾಂ ಹದಿನಾರರೊಳಗಿನವರ ಹೊಸ ಖಾತೆಗಳನ್ನು ಖಾಸಗಿಯಾಗಿಯೇ ಆರಂಭಿಸತೊಡಗಿತು. ಯೂಟ್ಯೂಬ್ ಹದಿನೆಂಟರೊಳಗಿನವರಿಗೆ ಒಂದರ ಹಿಂದೊಂದು ವಿಡಿಯೊ ತಾನಾಗಿ ಓಡುವುದನ್ನು ನಿಲ್ಲಿಸಿತು. ಟಿಕ್‌ಟಾಕ್ 13ರಿಂದ 15 ವರ್ಷದವರಿಗೆ ರಾತ್ರಿ 9ರ ಬಳಿಕ ಸೂಚನೆ ಕಳುಹಿಸುವುದನ್ನು ಕೈಬಿಡುವುದಾಗಿ ಘೋಷಿಸಿತು. ಮಾಡಲು ಸಾಧ್ಯವೇ ಇಲ್ಲವೆಂದು ವರ್ಷಗಟ್ಟಲೆ ಹೇಳಲಾಗುತ್ತಿದ್ದುದು ಗಡುವಿನ ಮುಂದೆ ಕೆಲವೇ ವಾರಗಳಲ್ಲಿ ಸಾಧ್ಯವಾಯಿತು.

ಭಾರತದ ಕಾನೂನು ಏನು ಹೇಳುತ್ತದೆ?

ಬಳಕೆದಾರರನ್ನು ಮೋಸಗೊಳಿಸುವ ವಿನ್ಯಾಸಕ್ಕೆ ಬ್ರಿಟನ್ನಿನ ಹ್ಯಾರಿ ಬ್ರಿಗ್ನಲ್ 2010ರಲ್ಲಿ ‘ಡಾರ್ಕ್ ಪ್ಯಾಟರ್ನ್’ ಎಂಬ ಹೆಸರಿಟ್ಟರು. ಕನ್ನಡದಲ್ಲಿ ಕಪಟ ವಿನ್ಯಾಸ ಎನ್ನಬಹುದು. ‘ಒಪ್ಪುತ್ತೇನೆ’ ಎಂಬುದನ್ನು ಹೊಳೆಯುವ ಬಣ್ಣದಲ್ಲಿ ದೊಡ್ಡದಾಗಿ ತೋರಿಸಿ ‘ಬೇಡ’ ಎಂಬುದನ್ನು ಮಸುಕಾಗಿ ಮೂಲೆಯಲ್ಲಿಡುವುದು, ಸೇರಲು ಒಂದು ಗುಂಡಿ ಸಾಕಾಗಿ ಬಿಡಲು ಹತ್ತು ಪುಟ ದಾಟಬೇಕಾಗುವುದು, ನಿರಾಕರಿಸುವವರಿಗೆ ನಾಚಿಕೆಯಾಗುವಂಥ ಮಾತನ್ನು ಬರೆದಿಡುವುದು ಇವೆಲ್ಲ ಅದರ ರೂಪಗಳು. ಗ್ರಾಹಕ ರಕ್ಷಣಾ ಕಾಯಿದೆ 2019ರ ಅಧಿಕಾರವನ್ನು ಬಳಸಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಮಾರ್ಗಸೂಚಿ ಹೊರಡಿಸಿ, ಇಂಥ 13 ಬಗೆಯ ಕಪಟಗಳನ್ನು ಹೆಸರಿಸಿ ನಿಷೇಧಿಸಿದೆ.

ಅದಕ್ಕಿಂತಲೂ ವ್ಯಾಪಕವಾದುದು 2023ರ ಆಗಸ್ಟಿನಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ. ಖಾಸಗಿತನವು ಮೂಲಭೂತ ಹಕ್ಕೆಂದು ಸರ್ವೋಚ್ಚ ನ್ಯಾಯಾಲಯ 2017ರ ಆಗಸ್ಟ್ 24ರಂದು ಪುಟ್ಟಸ್ವಾಮಿ ಪ್ರಕರಣದಲ್ಲಿ ಸಾರಿದ್ದು ಇದರ ಹಿನ್ನೆಲೆ. ಆ ಮೊಕದ್ದಮೆಯನ್ನು ಹೂಡಿದ್ದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಕಾಯಿದೆಯ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ. ಮುಖ್ಯ ಕಲಮುಗಳ ಜಾರಿಗೆ ಹದಿನೆಂಟು ತಿಂಗಳ ಕಾಲಾವಕಾಶ ನೀಡಲಾಗಿದೆ.

ಪರದೆಯ ರಚನೆಯ ದೃಷ್ಟಿಯಿಂದ ಈ ಕಾಯಿದೆಯ ಮೂರು ಅಂಶಗಳು ಮುಖ್ಯ. ಮೊದಲನೆಯದಾಗಿ, ಸಮ್ಮತಿಯು ಮುಕ್ತವೂ ನಿರ್ದಿಷ್ಟವೂ ತಿಳಿದು ಕೊಟ್ಟದ್ದೂ ಆಗಿರಬೇಕು. ಸ್ಪಷ್ಟವಾದ ಕ್ರಿಯೆಯಿಂದಲೇ ಅದು ವ್ಯಕ್ತವಾಗಬೇಕು. ಮೊದಲೇ ಗುರುತು ಹಾಕಿಟ್ಟ ಚೌಕ ಈ ಪರೀಕ್ಷೆಯಲ್ಲಿ ನಿಲ್ಲಲಾರದು. ಎರಡನೆಯದಾಗಿ, ಸಮ್ಮತಿಯನ್ನು ಹಿಂದೆಗೆದುಕೊಳ್ಳುವುದು ಅದನ್ನು ಕೊಟ್ಟಷ್ಟೇ ಸುಲಭವಾಗಿರಬೇಕು. ಮೂರನೆಯದಾಗಿ, ಹದಿನೆಂಟು ತುಂಬದವರ ಮಾಹಿತಿಗೆ ತಾಯಿ, ತಂದೆ ಅಥವಾ ಪೋಷಕರ ಪರಿಶೀಲಿಸಬಹುದಾದ ಸಮ್ಮತಿ ಬೇಕು. ಮಕ್ಕಳ ನಡತೆಯ ಮೇಲೆ ನಿಗಾ ಇಡುವುದನ್ನೂ ಅವರನ್ನೇ ಗುರಿಯಾಗಿಸಿ ಜಾಹೀರಾತು ತೋರಿಸುವುದನ್ನೂ ಒಂಬತ್ತನೆಯ ಕಲಮು ನಿಷೇಧಿಸುತ್ತದೆ. ಮಕ್ಕಳ ವಿಷಯದ ಕರ್ತವ್ಯಗಳನ್ನು ಉಲ್ಲಂಘಿಸಿದರೆ 200 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಬಹುದು.

ಗಡಿಯಾಚೆಯ ಕನ್ನಡಿಗರು ಕೆಳಗೆರೆ ಹಾಕಿ ಓದಬೇಕಾದ ಮಾತು ಐದು ಮತ್ತು ಆರನೆಯ ಕಲಮುಗಳಲ್ಲಿದೆ. ಮಾಹಿತಿ ಪಡೆಯುವ ಮುನ್ನ ನೀಡುವ ತಿಳಿವಳಿಕೆಯನ್ನೂ ಸಮ್ಮತಿಯ ಕೋರಿಕೆಯನ್ನೂ ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಿಯಾದರೂ ಓದುವ ಆಯ್ಕೆ ವ್ಯಕ್ತಿಗೆ ಇರಬೇಕು. ಈ ಹಕ್ಕು ರಾಜ್ಯದ ಎಲ್ಲೆಗೆ ಕಟ್ಟಿದುದಲ್ಲ. ಪಡಿತರ ಚೀಟಿಯ ಅರ್ಜಿ, ಪಹಣಿ, ಕಚೇರಿಯ ನೋಟೀಸುಗಳ ಭಾಷೆ ಆಯಾ ರಾಜ್ಯದ ಆಡಳಿತ ಭಾಷೆಯನ್ನು ಅವಲಂಬಿಸಿದೆ. ಅದಕ್ಕಾಗಿ ಭಾಷಾ ಅಲ್ಪಸಂಖ್ಯಾತರು ದಶಕಗಳಿಂದ ಮನವಿ ಸಲ್ಲಿಸುತ್ತಲೇ ಬಂದಿದ್ದಾರೆ. ಇಲ್ಲಿ ಹಾಗಲ್ಲ. ಕಾಸರಗೋಡಿನ ಮಂಜೇಶ್ವರದಲ್ಲಿರಲಿ, ಜತ್ತದಲ್ಲಿರಲಿ, ತಾಳವಾಡಿಯಲ್ಲಿರಲಿ, ಮಡಕಶಿರದಲ್ಲಿರಲಿ, ಕನ್ನಡದಲ್ಲಿ ತಿಳಿದುಕೊಂಡು ಒಪ್ಪುವ ಅಥವಾ ಒಪ್ಪದಿರುವ ಆಯ್ಕೆ ಆ ವ್ಯಕ್ತಿಯೊಡನೆಯೇ ಹೋಗುತ್ತದೆ. ತಮಗೆ ಓದಲು ಬಾರದ ಭಾಷೆಯಲ್ಲಿರುವ ಹತ್ತು ಪುಟಗಳ ಕೆಳಗೆ ‘ಒಪ್ಪಿದೆ’ ಎಂದು ಬೆರಳಿಟ್ಟ ತಾಯಿಯ ಸಮ್ಮತಿಯನ್ನು ತಿಳಿದು ಕೊಟ್ಟ ಸಮ್ಮತಿ ಎನ್ನುವುದು ಹೇಗೆ?

ಒತ್ತಕ್ಷರಕ್ಕೆ ಜಾಗ ಬೇಕು

ಕಾನೂನು ಆಯ್ಕೆಯನ್ನು ಕೊಟ್ಟರೂ ಪರದೆಯಲ್ಲಿ ಕನ್ನಡ ನೆಟ್ಟಗೆ ಕೂರಬೇಕಾದರೆ ವಿನ್ಯಾಸಕಾರನಿಗೆ ಕನ್ನಡ ಗೊತ್ತಿರಬೇಕು. ಬಹುತೇಕ ತಾಣಗಳ ಮೂಲ ನಕ್ಷೆ ಇಂಗ್ಲಿಷಿಗಾಗಿ ಬರೆದುದು. ಇಂಗ್ಲಿಷಿನಲ್ಲಿ ನಾಲ್ಕು ಅಕ್ಷರಗಳ ‘ಲೈಕ್’ ಎಂಬ ಪದಕ್ಕೆ ಹೊಲಿದ ಅಂಗಿಯೊಳಗೆ ‘ಮೆಚ್ಚಿಕೊಳ್ಳಿ’ ಎಂಬ ಪದ ತೂರಲಾರದು. ತುದಿ ಕತ್ತರಿಸಿ ಮೂರು ಚುಕ್ಕೆ ಬೀಳುತ್ತದೆ. ‘ರಾಷ್ಟ್ರ’, ‘ವೈಶಿಷ್ಟ್ಯ’ದಂಥ ಪದಗಳಲ್ಲಿ ಒತ್ತಕ್ಷರಗಳು ಗೆರೆಯ ಕೆಳಗೆ ಇಳಿಯುತ್ತವೆ. ಸಾಲುಗಳ ನಡುವೆ ಸಾಕಷ್ಟು ಅಂತರವಿಡದಿದ್ದರೆ ಅವು ಕೆಳಗಿನ ಸಾಲಿನ ಗುಡಿಸು, ದೀರ್ಘಗಳಿಗೆ ಬಡಿಯುತ್ತವೆ.

ಅಕ್ಷರವನ್ನು ಎಣಿಸುವ ಬಗೆಯೂ ಬೇರೆ. ಕನ್ನಡಿಗನ ಕಣ್ಣಿಗೆ ‘ಸ್ತ್ರೀ’ ಎಂಬುದು ಒಂದೇ ಅಕ್ಷರ. ಯುನಿಕೋಡ್ ಪದ್ಧತಿಯಲ್ಲಿ ಅದು ಆರು ಸಂಕೇತಗಳು: ಸಕಾರ, ಹಲಂತ, ತಕಾರ, ಹಲಂತ, ರಕಾರ, ದೀರ್ಘ ಈಕಾರದ ಚಿಹ್ನೆ. ‘ಕರ್ನಾಟಕ’ದಲ್ಲಿ ಕಾಣುವುದು ನಾಲ್ಕು ಅಕ್ಷರ, ಯಂತ್ರ ಎಣಿಸುವುದು ಏಳು. ಟ್ವಿಟರ್ ತನ್ನ 140ರ ಮಿತಿಯನ್ನು 2017ರ ನವೆಂಬರಿನಲ್ಲಿ 280ಕ್ಕೆ ಏರಿಸುವವರೆಗೆ ಕನ್ನಡದಲ್ಲಿ ಬರೆಯುವವರು ಈ ಲೆಕ್ಕದ ಇಕ್ಕಟ್ಟನ್ನು ಚೆನ್ನಾಗಿ ಅನುಭವಿಸಿದ್ದರು. 2018ರ ಫೆಬ್ರವರಿಯಲ್ಲಿ ತೆಲುಗಿನ ಒಂದೇ ಒಂದು ಸಂಯುಕ್ತಾಕ್ಷರ ಪರದೆಗೆ ಬಂದೊಡನೆ ಆ್ಯಪಲ್ ಫೋನುಗಳ ಆ್ಯಪ್‌ಗಳು ಕುಸಿದುಬೀಳುತ್ತಿದ್ದ ಪ್ರಸಂಗವೂ ನಡೆಯಿತು. ಕಂಪನಿ ತುರ್ತಾಗಿ ತಿದ್ದುಪಡಿ ಹೊರಡಿಸಬೇಕಾಯಿತು. ದಕ್ಷಿಣದ ಲಿಪಿಗಳನ್ನು ಬಲ್ಲವರು ಪರೀಕ್ಷೆಯ ಮೇಜಿನ ಬಳಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ವ್ಯಾಕರಣವೂ ವಿನ್ಯಾಸದ ವಿಷಯವೇ. ಯಾರೋ ಚಿತ್ರ ಹಾಕಿದರೆಂದು ತಿಳಿಸುವ ವಾಕ್ಯ ‘ಹಾಕಿದನು’ ಎಂದಿರಬೇಕೆ, ‘ಹಾಕಿದಳು’ ಎಂದೆ? ಇಂಗ್ಲಿಷಿಗೆ ಈ ಚಿಂತೆಯಿಲ್ಲ. ಕನ್ನಡದಲ್ಲಿ ‘ಅವರು ಹಾಕಿದ್ದಾರೆ’ ಎಂಬ ಗೌರವದ ಬಹುವಚನ ಎರಡೂ ತೊಡಕನ್ನು ಒಟ್ಟಿಗೆ ಬಿಡಿಸುತ್ತದೆ. ‘ಒತ್ತು’ ಎಂದು ಬರೆದರೆ ಅಜ್ಜನಿಗೆ ಒರಟಾಗಿ ಕೇಳಿಸುತ್ತದೆ, ‘ಒತ್ತಿ’ ಎಂದರೆ ಮನೆಮಂದಿಗೆಲ್ಲ ಒಗ್ಗುತ್ತದೆ. ಯಂತ್ರಾನುವಾದಕ್ಕೆ ಇದು ತಾನಾಗಿ ತಿಳಿಯದು.

ಭಾರತೀಯ ಭಾಷೆಗಳಿಗಾಗಿಯೇ ತಾಣ ಕಟ್ಟುವ ಯತ್ನಗಳು ಬೆಂಗಳೂರಿನಲ್ಲಿ ನಡೆದಿವೆ. 2015ರಲ್ಲಿ ಆರಂಭವಾದ ಶೇರ್‌ಚಾಟ್ ಇಂಗ್ಲಿಷನ್ನು ಬದಿಗಿಟ್ಟು ದೇಶಭಾಷೆಗಳನ್ನೇ ನೆಚ್ಚಿಕೊಂಡಿತು. 2020ರಲ್ಲಿ ಬಂದ ಕೂ ಎಂಬ ತಾಣ ಮೊದಲು ತೆರೆದುಕೊಂಡದ್ದೇ ಕನ್ನಡದಲ್ಲಿ. ಆದರೆ 2024ರ ಜುಲೈಯಲ್ಲಿ ಅದು ಬಾಗಿಲು ಮುಚ್ಚಿತು. ಭಾಷಾಭಿಮಾನದ ಜೊತೆಗೆ ಬಂಡವಾಳವೂ ಬೇಕೆಂಬ ಕಹಿ ಪಾಠವನ್ನು ಅದು ಕಲಿಸಿತು. ಫೋನು ಇರುವ ಸ್ಥಳವನ್ನು ನೋಡಿ ಭಾಷೆಯನ್ನು ಸೂಚಿಸುವ ಆ್ಯಪ್‌ಗಳೂ ಇವೆ. ಅವುಗಳ ಲೆಕ್ಕದಲ್ಲಿ ಕಾಸರಗೋಡೆಂದರೆ ಮಲಯಾಳ, ಸೋಲಾಪುರವೆಂದರೆ ಮರಾಠಿ, ಆದೋನಿಯೆಂದರೆ ತೆಲುಗು. ಭಾಷೆಯ ಪಟ್ಟಿಯನ್ನು ತೆರೆದು ಕನ್ನಡವನ್ನು ಆರಿಸಿಕೊಳ್ಳದಿದ್ದರೆ ಅಲ್ಲಿ ಕನ್ನಡದ ಮನೆಯೊಂದಿದೆ ಎಂಬುದೇ ಕಂಪನಿಯ ಲೆಕ್ಕಕ್ಕೆ ಬರುವುದಿಲ್ಲ. ಬೇಡಿಕೆ ಕಾಣದಲ್ಲಿ ಅನುವಾದವನ್ನು ತಿದ್ದುವ ಖರ್ಚನ್ನೂ ಯಾರೂ ಹೊರುವುದಿಲ್ಲ.

ಮನೆಯಲ್ಲಿ, ಶಾಲೆಯಲ್ಲಿ

ಮನೆಯವರು ಮಾಡಬಹುದಾದ ಕೆಲಸ ಕಷ್ಟದ್ದಲ್ಲ. ಒಂದು ಭಾನುವಾರ ಮಗುವನ್ನು ಜೊತೆಯಲ್ಲಿ ಕೂರಿಸಿಕೊಂಡು ಫೋನಿನ ಸೆಟ್ಟಿಂಗ್ಸ್ ತೆರೆಯಬೇಕು. ಕರೆ ಮತ್ತು ಅಗತ್ಯ ಸಂದೇಶಗಳ ಹೊರತು ಉಳಿದ ಸೂಚನೆಗಳನ್ನು ನಿಲ್ಲಿಸಬಹುದು. ತಾನಾಗಿ ಓಡುವ ವಿಡಿಯೊವನ್ನು ತಡೆಯಬಹುದು. ಸ್ಥಳದ ಮಾಹಿತಿಯನ್ನು ಯಾವ ಆ್ಯಪ್ ಕೇಳುತ್ತಿದೆ ಎಂದು ನೋಡಿ ಮುಚ್ಚಬಹುದು. ಯಾರು ಬೇಕಾದರೂ ಗುಂಪಿಗೆ ಸೇರಿಸದಂತೆ ತಡೆಯುವ ಆಯ್ಕೆ ವಾಟ್ಸ್‌ಆ್ಯಪ್‌ನಲ್ಲಿ 2019ರಿಂದ ಇದೆ. ತರಗತಿಯ ಗುಂಪಿನಲ್ಲಿ ನಿರ್ವಾಹಕರು ಮಾತ್ರ ಬರೆಯುವಂತೆ ಅಧ್ಯಾಪಕರು ನಿಗದಿಪಡಿಸಿದರೆ ಮಧ್ಯರಾತ್ರಿಯ ಶುಭಾಶಯಗಳ ಮಳೆ ನಿಲ್ಲುತ್ತದೆ. ಮಗುವಿನ ಹೆಸರು, ಶಾಲೆ, ಚಿತ್ರ ಮೂರೂ ಒಟ್ಟಾಗಿ ಸಾರ್ವಜನಿಕ ಪುಟದಲ್ಲಿ ಬಾರದಂತೆ ಶಾಲೆಗಳೂ ಎಚ್ಚರ ವಹಿಸಬೇಕು. ಆರ್ಥಿಕ ವಂಚನೆ ನಡೆದರೆ 1930 ಎಂಬ ರಾಷ್ಟ್ರೀಯ ಸಹಾಯವಾಣಿಗೆ ತಡಮಾಡದೆ ಕರೆ ಮಾಡಬೇಕು.

ಶಾಲೆಯಲ್ಲಿ ಇದಕ್ಕೆ ಗಣಕಯಂತ್ರವೂ ಬೇಕಾಗಿಲ್ಲ. ಎಂಟನೆಯ ತರಗತಿಯ ಮಕ್ಕಳಿಗೆ ಬಿಳಿ ಹಾಳೆ, ಪೆನ್ಸಿಲು ಕೊಟ್ಟು, ತಮ್ಮ ಶಾಲೆಗೊಂದು ಸಾಮಾಜಿಕ ತಾಣದ ಪರದೆಯನ್ನು ಬರೆಯಲು ಹೇಳಬಹುದು. ಮೆಚ್ಚುಗೆಯ ಸಂಖ್ಯೆ ಕಾಣಿಸಬೇಕೆ? ಮುಂದಕ್ಕೆ ಕಳುಹಿಸುವ ಮುನ್ನ ‘ನೀವು ಇದನ್ನು ಓದಿದಿರಾ’ ಎಂದು ಕೇಳಬೇಕೆ? ಜಗಳವಾದರೆ ಯಾರಿಗೆ ದೂರು ಹೇಳಬೇಕು? ಹಾಳೆಯ ಮೇಲಿನ ಆ ಪರದೆಯನ್ನು ಬೇರೆ ತರಗತಿಯ ಐವರ ಕೈಗಿತ್ತು ಎಲ್ಲಿ ತಡವರಿಸುತ್ತಾರೆಂದು ನೋಡುವುದೇ ಪರೀಕ್ಷೆ. ಐವರ ಪರೀಕ್ಷೆಯಿಂದಲೇ ಬಹುಪಾಲು ದೋಷಗಳು ಹೊರಬೀಳುತ್ತವೆ ಎಂದು ಈ ಕ್ಷೇತ್ರದ ಹಿರಿಯ ತಜ್ಞ ಯಾಕೋಬ್ ನೀಲ್ಸನ್ 2000ದಲ್ಲಿಯೇ ಬರೆದಿದ್ದಾರೆ. ಹೀಗೆ ಒಮ್ಮೆ ಪರದೆಯನ್ನು ತಾನೇ ರಚಿಸಿದ ಮಗುವಿಗೆ ಮುಂದೆ ಯಾವ ಗುಂಡಿಯನ್ನು ಕಂಡರೂ ಅದನ್ನು ಅಲ್ಲಿ ಏಕೆ ಇಟ್ಟರೆಂಬ ಪ್ರಶ್ನೆ ಏಳುತ್ತದೆ.

ಇದು ಜೀವನೋಪಾಯದ ದಾರಿಯೂ ಹೌದು. ವಿನ್ಯಾಸ ಪದವಿಗಾಗಿ ಐಐಟಿ ಬಾಂಬೆ ನಡೆಸುವ ಯುಸೀಡ್ ಪ್ರವೇಶ ಪರೀಕ್ಷೆಗೆ ವಿಜ್ಞಾನದವರು ಮಾತ್ರವಲ್ಲ, ವಾಣಿಜ್ಯ, ಕಲಾ ವಿಭಾಗದವರೂ ಕುಳಿತುಕೊಳ್ಳಬಹುದು. ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿರುವುದರಿಂದ ಕನ್ನಡ ಮಾಧ್ಯಮದವರು ಒಂದೆರಡು ವರ್ಷ ಮೊದಲೇ ಅಭ್ಯಾಸ ಆರಂಭಿಸಬೇಕು. ಆದರೆ ಗಡಿನಾಡಿನ ಮಗುವಿಗೆ ಸಹಜವಾಗಿ ಬಂದಿರುವ ಸಂಪತ್ತೊಂದು ಇದೆ. ಮನೆಯಲ್ಲಿ ಕನ್ನಡ, ತುಳು ಅಥವಾ ಕೊಂಕಣಿ, ಬೀದಿಯಲ್ಲಿ ಮಲಯಾಳ, ಮರಾಠಿ, ತಮಿಳು ಅಥವಾ ತೆಲುಗು, ಪುಸ್ತಕದಲ್ಲಿ ಇಂಗ್ಲಿಷ್, ಹಿಂದಿ ಎಂದು ಮೂರು ನಾಲ್ಕು ಲಿಪಿಗಳ ನಡುವೆ ಬೆಳೆಯುವ ಆ ಮಗುವಿಗೆ, ಒಂದು ಭಾಷೆಯ ಅಳತೆಗೆ ಹೊಲಿದದ್ದು ಇನ್ನೊಂದಕ್ಕೆ ಒಗ್ಗದೆಂಬುದು ಯಾರೂ ಹೇಳದೆಯೇ ಗೊತ್ತಿರುತ್ತದೆ. ಇಪ್ಪತ್ತೆರಡು ಭಾಷೆಗಳಲ್ಲಿ ಸಮ್ಮತಿಪತ್ರ ತೋರಿಸಬೇಕಾದ ಕಂಪನಿಗಳಿಗೆ ಇನ್ನು ಮುಂದೆ ಬೇಕಾಗುವವರು ಇಂಥವರೇ. ಶಾಲಾ ಪೋಷಕರ ಸಂಘಗಳು ಮುಂದಿನ ಸಭೆಯಲ್ಲಿ ಈ ವಿಷಯವನ್ನು ಕಾರ್ಯಸೂಚಿಗೆ ಸೇರಿಸಿಕೊಳ್ಳಲಿ. ಶಾಲೆ ಬಳಸುವ ಪ್ರತಿಯೊಂದು ಆ್ಯಪ್‌ನ ಸಮ್ಮತಿಪತ್ರ ಕನ್ನಡದಲ್ಲಿ ದೊರೆಯುತ್ತದೆಯೇ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆದುಕೊಳ್ಳಲಿ.